ತಾಲೀಮಿನ ವೇಳೆ ಯಾರಿಗೆ ಹೊಂದುತ್ತೆ?

ನಮಸ್ಕಾರ. ಮುಂಬೈಯಲ್ಲಿ ಕನ್ನಡ ನಾಟಕ ತಂಡ ಕಟ್ಟುವವರು 'ಎಲ್ಲರಿಗೂ ಸ್ವಾಗತ' ಅಂತ ಬರೆದೇ ಬರೆಯುತ್ತಾರೆ. ಮನಸಾರೆ ಬರೆಯುತ್ತಾರೆ. ಆದರೆ ಅದರ ಕೆಳಗೇ 'ತಾಲೀಮು: ಶನಿವಾರ, ಭಾನುವಾರ ಸಂಜೆ ಆರಕ್ಕೆ' ಅಂತ ಇದ್ದರೆ, ಹೋಟೆಲ್ ಕೆಲಸದವರ ಪಾಲಿಗೆ ಬಾಗಿಲು ಅಲ್ಲೇ ಮುಚ್ಚಿತು. ವಾರಾಂತ್ಯದ ಸಂಜೆ ಅಂದರೆ ಅವರಿಗೆ ಗಿರಾಕಿ ನುಗ್ಗುವ ಹೊತ್ತು.

ಮುಂಬೈಯ ಫೋರ್ಟ್ ಪ್ರದೇಶದಲ್ಲಿ ಕನ್ನಡ ರಾತ್ರಿ ಶಾಲೆ ನಡೆಸಿದ ಹಿರಿಯರಿಗೆ ಈ ವಿಷಯ ಚೆನ್ನಾಗಿ ಗೊತ್ತಿತ್ತು. ಹಗಲು ಹೋಟೆಲಿನಲ್ಲಿ ದುಡಿಯುವ ಹುಡುಗನಿಗೆ ಯಾವಾಗ ಬಿಡುವೋ ಆಗ ಪಾಠ ಅಂದರು. ನಾಟಕದವರು ಮಾಡಬೇಕಾದದ್ದೂ ಇದೇ ಅನ್ನೋದು ನಮ್ಮ ಅಭಿಪ್ರಾಯ. ತಂಡ ನನ್ನದು ಅಂತ ಒಬ್ಬರಿಗೆ ಅನಿಸೋದು ಸ್ವಾಗತದ ಮಾತಿನಿಂದಲ್ಲ. ನಾನು ಬಾರದಿದ್ದರೆ ಇನ್ನೊಬ್ಬರ ಪ್ರವೇಶ ನಿಂತುಹೋಗುತ್ತೆ ಅಂತ ಗೊತ್ತಾದಾಗ ಹಾಗನಿಸುತ್ತೆ.

ಇದಕ್ಕೆ ನಾಟಕದ ರಚನೆಯೇ ಬದಲಾಗಬೇಕು. ನಲವತ್ತೈದು ನಿಮಿಷದ ನಾಟಕ ಅಂದುಕೊಳ್ಳಿ. ಅದನ್ನು ಐದೈದು ನಿಮಿಷದ 9 ದೃಶ್ಯ ಮಾಡಿ, ಒಂದೊಂದರಲ್ಲಿ ಮೂರು ಜನಕ್ಕಿಂತ ಹೆಚ್ಚು ಬೇಡ. ಆಗ ಹೋಟೆಲಿನವರ ದೃಶ್ಯಕ್ಕೆ ಮಧ್ಯಾಹ್ನ ಮೂರರಿಂದ ನಾಲ್ಕೂವರೆವರೆಗೆ, ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು, ಅವರ ಹೋಟೆಲಿನ ಹತ್ತಿರವೇ ತಾಲೀಮು ಮಾಡಬಹುದು. ಆಫೀಸಿನವರು ಭಾನುವಾರ ನಾಲ್ಕೂವರೆಯಿಂದ ಏಳರವರೆಗೆ ಸೇರಲಿ. ಇಡೀ ತಂಡ ಹದಿನೈದು ದಿನಕ್ಕೊಮ್ಮೆ ಕೂಡಿದರೆ ಸಾಕು. ಹೀಗೆ ಹನ್ನೆರಡು ವಾರ ಬೇಕಾಗುತ್ತೆ. ಆರು ವಾರದಲ್ಲಿ ಮುಗಿಸಲು ಹೊರಟರೆ ಅನುಭವ ಇದ್ದವರೇ ಮುಖ್ಯ ಪಾತ್ರ ಹಿಡಿಯುತ್ತಾರೆ, ಹೊಸಬರ ಪಾಲಿಗೆ ಗುಂಪಿನ ದೃಶ್ಯವೇ ಗತಿ.

ಭಾನುವಾರ ಬೆಳಿಗ್ಗೆ ಇಡಲೇಬೇಡಿ. ಮೆಗಾ ಬ್ಲಾಕ್ ಬಿದ್ದರೆ, ಅಂದರೆ ಹಳಿ ದುರಸ್ತಿಗೆ ಲೋಕಲ್ ರೈಲು ನಿಲ್ಲಿಸಿದರೆ, ದೂರದ ಡೊಂಬಿವಲಿಯವರು ಬಂದು ಮುಟ್ಟುವಷ್ಟರಲ್ಲಿ ಅರ್ಧ ತಾಲೀಮು ಮುಗಿದಿರುತ್ತೆ. ಜಾಗ ಮಾಟುಂಗಾದ ಸುತ್ತ ಇದ್ದರೆ ಒಳ್ಳೆಯದು. ಸೆಂಟ್ರಲ್ ರೈಲು ಮಾರ್ಗಕ್ಕೆ ಮಾಟುಂಗಾ, ವೆಸ್ಟರ್ನ್‌ಗೆ ಮಾಟುಂಗಾ ರೋಡ್, ಹಾರ್ಬರ್‌ಗೆ ಕಿಂಗ್ಸ್ ಸರ್ಕಲ್, ಮೂರೂ ನಿಲ್ದಾಣ ನಡೆಯುವ ದೂರದಲ್ಲಿವೆ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇರುವುದೂ ಇಲ್ಲೇ. ಇನ್ನು, ಏಳು ಅಂದರೆ ಏಳಕ್ಕೇ ಬಿಡಬೇಕು. ಎಳೆದರೆ ದೂರದ ವಸಾಯಿಗೆ ಹೋಗುವ ಹೆಂಗಸರು ನಡುವೆ ಏಳುತ್ತಾರೆ, ಅವರ ದೃಶ್ಯ ಪ್ರತಿ ವಾರ ಉಳಿದುಹೋಗುತ್ತೆ, ನಾಲ್ಕನೇ ವಾರ ಅವರೇ ಬರೋದಿಲ್ಲ. ಆಗ ಆಸಕ್ತಿ ಕಮ್ಮಿ ಅಂತ ಅವರ ಮೇಲೆ ಹೇಳೋದು ಅನ್ಯಾಯ.

ಈಗ ಭಾಷೆ. ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತೆ, ಓದಲು ಬರೋದಿಲ್ಲ. ಮೊದಲ ವಾಚನದ ದಿನ ಕನ್ನಡ ಲಿಪಿಯ ಪ್ರತಿ ಕೈಗೆ ಕೊಟ್ಟರೆ ಆ ಮಗು ತಲೆ ತಗ್ಗಿಸಿ ಕೂರುತ್ತೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡುವುದು ಸುಲಭ ಅನಿಸುತ್ತೆ, ಆದರೆ ಅಲ್ಲಿ ಲ-ಳ, ನ-ಣ ಒಂದಾಗಿಬಿಡುತ್ತವೆ. ದೇವನಾಗರಿ ವಾಸಿ, ಮರಾಠಿಯಲ್ಲಿ ಈ ಅಕ್ಷರಗಳೆಲ್ಲ ಇವೆ. ಅಲ್ಲಿಯ ತೊಡಕು ಎ-ಏ, ಒ-ಓ. 'ಬೆಳೆ'ಯೂ 'ಬೇಳೆ'ಯೂ ಒಂದೇ ಥರ ಕಾಣುತ್ತವೆ, ರೈತನ ಪಾತ್ರದವನು 'ಈ ಸಲ ಬೇಳೆ ಚೆನ್ನಾಗಿ ಬಂತು' ಅಂದುಬಿಡುತ್ತಾನೆ. ದೀರ್ಘ ಇರುವ ಕಡೆ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದರೆ ಸರಿಹೋಗುತ್ತೆ. ಜತೆಗೆ ವಾಟ್ಸಾಪಿನಲ್ಲಿ ಧ್ವನಿ ಕಳಿಸಿ: ಎದುರಿನವರ ಮಾತು, ಆಮೇಲೆ ಇವರ ಮಾತಿನಷ್ಟೇ ಉದ್ದದ ಮೌನ. ಲೋಕಲ್‌ನಲ್ಲಿ ನಿಂತುಕೊಂಡೇ ಕಲಿಯಬಹುದು.

ಉಚ್ಚಾರ ತಿದ್ದುವುದನ್ನು ಎಲ್ಲರೆದುರು ಮಾಡಬೇಡಿ. ಆ ದೃಶ್ಯದ ಜೊತೆಗಾರರು ಪಕ್ಕಕ್ಕೆ ಕರೆದು ಹೇಳಲಿ. ಕುಂದಾಪುರದವರ ಕನ್ನಡ, ಕಲಬುರಗಿಯವರ ಕನ್ನಡ ಇವುಗಳನ್ನು ತಿದ್ದುವ ಪ್ರಶ್ನೆಯೇ ಇಲ್ಲ, ಪಾತ್ರವನ್ನು ಆ ಊರಿಗೆ ಒಯ್ದರಾಯಿತು. ಇದನ್ನು ಒತ್ತಿ ಹೇಳಲು ಕಾರಣ ಇದೆ. ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್, ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ಕರಾವಳಿಯಿಂದ ಬಂದವರಿಗೆ ಮನೆಯಾದವು. ಕಟ್ಟಡ ಕೆಲಸಕ್ಕೆ ಯಾದಗಿರಿಯಿಂದಲೋ ವಿಜಯಪುರದಿಂದಲೋ ಬಂದವರಿಗೆ ಅಂಥ ಮನೆ ಸಿಕ್ಕೋದು ಕಷ್ಟ. ನಾಟಕ ತಂಡ ಅದಾಗಬಹುದು, ಅವರ ಮಾತನ್ನು ಹಾಸ್ಯದ ಪಾತ್ರಕ್ಕೆ ಮಾತ್ರ ಬಳಸದಿದ್ದರೆ.

ಗಾಲಿಕುರ್ಚಿಯ ವಿಷಯದಲ್ಲಿ ಲೆಕ್ಕ ನೇರ. ಇಳಿಜಾರು 1:12 ಇರಬೇಕು, ಅಂದರೆ ಒಂದು ಅಡಿ ಏರಲು 12 ಅಡಿ ಉದ್ದ. ವೇದಿಕೆ ಮೂರು ಅಡಿ ಎತ್ತರ ಇದ್ದರೆ 36 ಅಡಿಯ ರ‍್ಯಾಂಪ್ ಬೇಕು, ನಡುವೆ ನಿಲ್ಲಲು ಸಮತಟ್ಟು ಬೇರೆ. ನಮ್ಮ ಹಾಲುಗಳಲ್ಲಿ ಅಷ್ಟು ಜಾಗ ಎಲ್ಲಿ? ನಾಲ್ಕು ಜನ ಕುರ್ಚಿ ಎತ್ತಿ ಇಡೋಣ ಅನ್ನುತ್ತಾರೆ. ಬೇಡ, ಬಿದ್ದರೆ ಪೆಟ್ಟು, ಬೀಳದಿದ್ದರೂ ಅವಮಾನ. ನಾಟಕವನ್ನೇ ಕೆಳಗಿಳಿಸಿ. ಪ್ರೇಕ್ಷಕರನ್ನು ಮೂರು ಕಡೆ ಕೂರಿಸಿ ನೆಲದ ಮೇಲೆ ಆಡಿ, ಯಕ್ಷಗಾನದ ಬಯಲಾಟ ಕಂಡವರಿಗೆ ಇದೇನೂ ಹೊಸದಲ್ಲ.

ಕಣ್ಣು ಕಾಣದ ನಟರಿಗೆ ನೆಲದಲ್ಲಿ ದಾರಿ ಮಾಡಿಕೊಡಬೇಕು. ತೆಳು ಹಗ್ಗ ಹಾಸಿ ಮೇಲೆ ಬಟ್ಟೆಯ ಟೇಪ್ ಅಂಟಿಸಿದರೆ ಬರಿಗಾಲಿಗೆ ತಿಳಿಯುತ್ತೆ. ತಪ್ಪಾಗುವುದು ಪ್ರದರ್ಶನದ ದಿನ, ಫೋಟೋಗೆ ಅಡ್ಡ ಅಂತ ಯಾರೋ ಕುರ್ಚಿಯನ್ನು ಒಂದಡಿ ಸರಿಸಿದಾಗ. ಸಾಮಾನು ಮುಟ್ಟುವ ಅಧಿಕಾರ ಒಬ್ಬರಿಗೇ ಇರಲಿ. ಕಿವಿ ಕೇಳದವರಿಗೆ ಸೂಚನೆ ಎದುರಿನ ನಟರ ಚಲನೆಯಿಂದ ಸಿಗಬೇಕು. ಕಾಲಿನಿಂದ ತಟ್ಟುವುದು ಮರದ ನೆಲದಲ್ಲಿ ನಡೆಯುತ್ತೆ, ಕಾಂಕ್ರೀಟಿನಲ್ಲಿ ನಡೆಯೋದಿಲ್ಲ.

ಎಲ್ಲರೂ ಸೇರಿ ಮಾತು ಕಟ್ಟುತ್ತಾ ಹೋಗುವ ತಂಡಗಳು ಮರೆಯುವ ಒಂದು ಸಂಗತಿ: ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ, ನಾಟಕದ ಪ್ರತಿ ಓದಿ ಒಪ್ಪಿಗೆ ಕೊಡುವ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿಯ ಪ್ರಮಾಣಪತ್ರ ಬೇಕು. ಹಾಗಾಗಿ ಏಳನೇ ವಾರಕ್ಕೆ ಪ್ರತಿ ಅಂತಿಮವಾಗಲಿ.

ನಟಿಸಲು ಇಷ್ಟವಿಲ್ಲದವರಿಗೆ ಚಹಾದ ಕೆಲಸ ಕೊಟ್ಟು ಕೂರಿಸಬೇಡಿ. ಚಹಾ ಸರದಿಯ ಮೇಲೆ ಬರಲಿ, ನಿರ್ದೇಶಕರಿಗೂ ಬರಲಿ. ನಟಿಸಲು ಒಲ್ಲದವರಿಗೆ ಪ್ರಾಂಪ್ಟಿಂಗ್ ಪ್ರತಿ ಕೊಡಿ, ಮರೆಯಲ್ಲಿ ನಿಂತು ನಟರಿಗೆ ಮಾತು ನೆನಪಿಸಲಿ. ಅರವತ್ತು ದಾಟಿದ ನಟರು ಮಾತು ಮರೆತಾಗ ಇಡೀ ನಾಟಕ ಈ ನೆನಪಿಸುವವರ ದನಿಯ ಮೇಲೆ ನಿಲ್ಲುತ್ತೆ.

ಒಬ್ಬರು ಎರಡು ತಾಲೀಮು ತಪ್ಪಿಸಿದರೆ 'ಯಾಕೆ ಬರಲಿಲ್ಲ' ಅಂತ ಗುಂಪಿನಲ್ಲಿ ಕೇಳಬೇಡಿ. ಅವರ ದೃಶ್ಯದ ಜೊತೆಗಾರರೇ ಫೋನ್ ಮಾಡಲಿ, ಎಷ್ಟು ಗಂಟೆಗೆ ಬಿಡುವು ಅಂತ ಕೇಳಲಿ. ಮತ್ತೆ ಮುಂದಿನ ನಾಟಕದ ಮೊದಲ ವಾಚನದ ತಾರೀಕನ್ನು ಈ ಪ್ರದರ್ಶನಕ್ಕೆ ಮೊದಲೇ ಗೊತ್ತು ಮಾಡಿ, ಬಣ್ಣ ಒರೆಸಿಕೊಳ್ಳುವ ಹೊತ್ತಿಗೆ ಎಲ್ಲರ ಫೋನಿನಲ್ಲೂ ಅದು ಇರಲಿ. ಪ್ರದರ್ಶನ ಮುಗಿದ ಮರುವಾರ ಸೇರಲು ಜಾಗವಿಲ್ಲದೆ ಹೋದಾಗಲೇ ಹೊಸಬರು ಕಳೆದುಹೋಗುತ್ತಾರೆ.