ಪುಟ್ಟ ಜೀಪಿಗೆ ಹೊಸ ಟೈರು: ಕೆಸರು ನೋಡಿ ಅಲ್ಲ, ಘಾಟಿ ನೋಡಿ ಆರಿಸಿ

ನಮಸ್ಕಾರ ಕೇಳುಗರೇ.

ಇವತ್ತು ಟೈರಿನ ವಿಷಯ. ಅದರಲ್ಲೂ ಪುಟ್ಟ ಫೋರ್ ವೀಲ್ ಡ್ರೈವ್ ಗಾಡಿಗಳ ಟೈರು. ಐದು ಬಾಗಿಲಿನ ಮಾರುತಿ ಜಿಮ್ನಿ ನಮ್ಮಲ್ಲಿ ಮಾರಾಟಕ್ಕೆ ಬಂದದ್ದು 2023ರ ಜೂನ್‌ನಲ್ಲಿ. ಆಗಲೇ ಕೊಂಡು ತೋಟ, ಪೇಟೆ, ಬೆಂಗಳೂರು ಅಂತ ಚೆನ್ನಾಗಿ ಓಡಿಸಿದವರ ಟೈರುಗಳು ಈಗ ಸವೆದು ನೈಸ್ ಆಗಿರುತ್ತವೆ. ಬದಲಾಯಿಸೋಣ ಅಂತ ಅಂಗಡಿಗೆ ಹೋದರೆ ಸಾಮಾನ್ಯವಾಗಿ ಒಂದೇ ಮಾತು. "ಸಾರ್, ಹೇಗೂ ಹೊಸದು ಹಾಕ್ತಾ ಇದ್ದೀರಿ, ಒಂದು ಸೈಜ್ ದೊಡ್ಡದೇ ಹಾಕಿಬಿಡಿ, ದಪ್ಪ ಬಟನ್ ಇರೋದು, ಗಾಡಿಗೆ ಒಂದು ಗತ್ತು ಬರುತ್ತೆ." ಬಟನ್ ಅಂದರೆ ಟೈರಿನ ಮೇಲೆ ಉಬ್ಬಿಕೊಂಡಿರುವ ರಬ್ಬರ್ ತುಂಡುಗಳು. ಗತ್ತು ಬರುತ್ತದೆ, ಸುಳ್ಳಲ್ಲ. ಆದರೆ ಆ ಗತ್ತಿಗೆ ಟೈರಿನ ಬಿಲ್ಲಲ್ಲದೆ ಬೇರೆ ಏನೇನು ತೆರಬೇಕಾಗುತ್ತದೆ ಅನ್ನುವುದನ್ನೂ ಯಾರಾದರೂ ಹೇಳಬೇಕಲ್ವಾ?

ಮೊದಲು ನಿಮ್ಮ ಗಾಡಿ ಎಲ್ಲಿ ಓಡುತ್ತದೆ ನೋಡಿ. ಮೂಡಿಗೆರೆ ಕಡೆಯ ಒಂದು ತೋಟದ ಮನೆ ಅಂತ ಇಟ್ಟುಕೊಳ್ಳಿ. ಗೇಟಿನಿಂದ ಮನೆಯವರೆಗೆ ಒಂದು ಕಿಲೋಮೀಟರ್ ಮಣ್ಣು ರಸ್ತೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ರಸ್ತೆ ಅಲ್ಲ, ಗದ್ದೆ. ಗೇಟಿನಿಂದ ಆಚೆ ಎಲ್ಲಾ ಟಾರು. ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ, ಮಂಗಳೂರು. ಈ ಕಡೆ ಬೇಲೂರು, ಹಾಸನ, ಬೆಂಗಳೂರು. ಕೆಸರಲ್ಲಿ ನೀವು ಹೋಗುವುದು ಹತ್ತು ಕಿಲೋಮೀಟರ್ ವೇಗದಲ್ಲಿ. ಅಲ್ಲಿ ಟೈರು ಕೈಕೊಟ್ಟರೆ ಗಾಡಿ ಹೂತುಕೊಳ್ಳುತ್ತದೆ, ಒಂದಷ್ಟು ಬೈಗುಳ, ಪಕ್ಕದ ತೋಟದಿಂದ ಒಂದು ಟ್ರ್ಯಾಕ್ಟರು, ಮುಗೀತು. ಅದೇ ಟೈರು ಜುಲೈ ತಿಂಗಳ ಸಂಜೆ, ಮಂಜು ಮುಸುಕಿದ ಘಾಟಿಯ ತಿರುವಿನಲ್ಲಿ, ಎದುರಿಗೆ ಬಸ್ಸು ಬಂದಾಗ ಕೈಕೊಟ್ಟರೆ? ಒಂದು ಕಡೆ ದರೆ, ಇನ್ನೊಂದು ಕಡೆ ಪ್ರಪಾತ. ಅದಕ್ಕೇ ನಾನು ಹೇಳುವುದು, ಮಲೆನಾಡಿನ ಟೈರು ಪಾಸಾಗಬೇಕಾದ್ದು ಒದ್ದೆ ಟಾರಿನಲ್ಲಿ. ಕೆಸರು ಆಮೇಲೆ.

ಈಗ ಟೈರಿನ ಜಾತಿಗಳು. ಎಚ್.ಟಿ. ಅಂದರೆ ಹೈವೇ ಟೈರು. ಜಿಮ್ನಿಗೆ ಕಂಪನಿಯಿಂದ ಬರುವುದು ಇದೇ ಜಾತಿ. ಇದರ ಮೇಲೆ ಸುತ್ತಲೂ ಉದ್ದ ಗೀರುಗಳಿರುತ್ತವೆ, ನೀರು ಅದರೊಳಗೆ ಹರಿದು ಹಿಂದಕ್ಕೆ ಹೋಗುತ್ತದೆ, ಬಟನ್ನುಗಳ ಮೇಲೂ ಸಣ್ಣ ಸಣ್ಣ ಸೀಳುಗಳಿರುತ್ತವೆ, ಅವು ಒದ್ದೆ ಟಾರನ್ನು ಕಚ್ಚಿ ಹಿಡಿಯುತ್ತವೆ. ಸದ್ದಿಲ್ಲ, ಬ್ರೇಕ್ ಚೆನ್ನಾಗಿ ಸಿಗುತ್ತದೆ, ಮೈಲೇಜ್ ಕೂಡ ಪರವಾಗಿಲ್ಲ. ಆದರೆ ಕೆಂಪು ಜೇಡಿಮಣ್ಣಿಗೆ ಇಳಿದ ತಕ್ಷಣ ಆ ಗೀರುಗಳೆಲ್ಲಾ ತುಂಬಿಕೊಂಡು ಟೈರು ಎಣ್ಣೆ ಹಚ್ಚಿದ ಪೈಲ್ವಾನನ ಹಾಗೆ ಜಾರುತ್ತದೆ.

ಇದರ ತೀರಾ ಎದುರು ತುದಿಯಲ್ಲಿ ಎಂ.ಟಿ., ಮಡ್ ಟೈರು. ದೊಡ್ಡ ಬಟನ್ನು, ನಡುವೆ ಅಗಲವಾದ ಜಾಗ. ಚಕ್ರ ಜೋರಾಗಿ ತಿರುಗಿದಾಗ ಕೆಸರನ್ನು ತಾನೇ ಕೊಡವಿಕೊಳ್ಳುತ್ತದೆ, ಮತ್ತೆ ಹಿಡಿತ ಸಿಗುತ್ತದೆ. ಕೆಸರಲ್ಲಿ ಅದಕ್ಕೆ ಸಾಟಿಯಿಲ್ಲ, ಒಪ್ಪಿದೆ. ಆದರೆ ಆ ಅಗಲವಾದ ಜಾಗ ಇದೆಯಲ್ಲ, ಟಾರಿನ ಮೇಲೆ ಅದು ಬರೀ ಖಾಲಿ ಜಾಗ. ನೆಲ ಮುಟ್ಟುವ ರಬ್ಬರ್ ಕಡಿಮೆ. ಒದ್ದೆ ಟಾರಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ನಿಲ್ಲಲು ಜಾಸ್ತಿ ದೂರ ಬೇಕು, ಎಂಬತ್ತರಲ್ಲಿ ಹೋಗುವಾಗ ಗುಂಯ್ ಅನ್ನುವ ಸದ್ದು ನಿಲ್ಲುವುದೇ ಇಲ್ಲ, ಬಟನ್ನುಗಳು ಒಂದೊಂದು ಕಡೆ ಒಂದೊಂದು ಥರ ಸವೆಯುತ್ತವೆ. ಬೆಂಗಳೂರಿನಲ್ಲಿದ್ದುಕೊಂಡು ಯಾವಾಗಲೋ ಒಮ್ಮೆ ಸಕಲೇಶಪುರಕ್ಕೆ ಹೋಗಿಬರುವವರು ಎಂ.ಟಿ. ಹಾಕಿಸಿಕೊಂಡು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಿರುವುದನ್ನು ನೋಡಿದರೆ ನನಗೆ ಪಾಪ ಅನ್ನಿಸುತ್ತದೆ.

ನಡುವೆ ಇರುವುದು ಎ.ಟಿ., ಅಂದರೆ ಆಲ್ ಟೆರೇನ್. ಇದರಲ್ಲೇ ಎರಡು ಥರ ಇದೆ, ಇದನ್ನು ಗಮನಿಸಿ. ಕೆಲವು ಎಚ್.ಟಿ.ಗೆ ಹತ್ತಿರ, ಬಟನ್ನುಗಳು ಒತ್ತೊತ್ತಾಗಿ, ಮೇಲೆ ಸೀಳುಗಳು ಚೆನ್ನಾಗಿರುತ್ತವೆ. ಇನ್ನು ಕೆಲವು ಹೆಸರಿಗೆ ಎ.ಟಿ., ನೋಡಿದರೆ ಎಂ.ಟಿ.ಯ ತಮ್ಮ. ಹೆಸರು ಬಿಡಿ, ಟೈರನ್ನು ಕೈಯಲ್ಲಿ ಮುಟ್ಟಿ ನೋಡಿ. ಬಟನ್ ಮೇಲೆ ಸೀಳುಗಳಿವೆಯಾ? ಅವು ಮೇಲೆ ಮೇಲೆ ಇವೆಯಾ, ಆಳಕ್ಕೆ ಹೋಗಿವೆಯಾ? ತೋಟದವರಿಗೆ ನನ್ನ ಸಲಹೆ, ಒತ್ತು ಬಟನ್ನಿನ ಸೌಮ್ಯವಾದ ಎ.ಟಿ. ಅಂಚಿನಲ್ಲಿ ರಬ್ಬರ್ ಸ್ವಲ್ಪ ದಪ್ಪಗಿರುತ್ತದೆ, ಅದು ನಮಗೆ ಬೇಕು. ಯಾಕೆಂದರೆ ಕಳೆ ಕೊಚ್ಚಿದ ಮೇಲೆ ನಿಲ್ಲುವ ಕೂಳೆ, ಕಡಿದ ಬಿದಿರಿನ ಬುಡ, ಇವೆಲ್ಲಾ ಹೊಡೆಯುವುದು ಟೈರಿನ ಪಕ್ಕಕ್ಕೆ. ಮೇಲ್ಭಾಗದಲ್ಲಿ ಮೊಳೆ ಹೊಕ್ಕರೆ ಪಂಕ್ಚರ್ ಹಾಕಿಸಬಹುದು. ಪಕ್ಕ ಸೀಳಿದರೆ ಆ ಟೈರು ಮನೆಯ ಮುಂದೆ ಹೂವಿನ ಗಿಡ ನೆಡಲಿಕ್ಕೆ ಅಷ್ಟೇ. ಇನ್ನು ಪೇಟೆಯವರು, ಕಚ್ಚಾ ರಸ್ತೆ ಅಪರೂಪಕ್ಕೆ ನೋಡುವವರು, ಸುಮ್ನೆ ಎಚ್.ಟಿ.ಯನ್ನೇ ಹಾಕಿಸಿ.

ಹಾಗಾದರೆ ಆಷಾಢದ ಆ ಎರಡು ಮೂರು ವಾರ, ಎ.ಟಿ.ಗೂ ಆಗದ ಕೆಸರು ಬಂದಾಗ? ಅದಕ್ಕೆ ನಮ್ಮ ಹಿರಿಯರು ಯಾವಾಗಲೋ ಉಪಾಯ ಕಂಡುಕೊಂಡಿದ್ದಾರೆ, ಚೈನು. ಕೊಡಗು, ಚಿಕ್ಕಮಗಳೂರಿನ ಜೀಪುಗಳು ಮಳೆಗಾಲದಲ್ಲಿ ಚಕ್ರಕ್ಕೆ ಕಬ್ಬಿಣದ ಚೈನ್ ಸುತ್ತಿಕೊಂಡು ಏರು ಹತ್ತುವುದನ್ನು ನೀವೂ ನೋಡಿರುತ್ತೀರಿ. ವರ್ಷಪೂರ್ತಿ ಎಂ.ಟಿ. ಸದ್ದು ಕೇಳುವ ಬದಲು ಬೇಕಾದಾಗ ಚೈನ್ ಹಾಕಿ, ಗೇಟಿಗೆ ಬಂದ ಮೇಲೆ ಬಿಚ್ಚಿ. ಚೈನ್ ಹಾಕಿದ ಮೇಲೆ ಚಕ್ರವನ್ನು ನಿಧಾನಕ್ಕೆ ತಿರುಗಿಸಿ, ಬ್ರೇಕ್ ಪೈಪಿಗೋ ಮಡ್‌ಗಾರ್ಡಿಗೋ ತಾಗುತ್ತದಾ ನೋಡಿಕೊಳ್ಳಿ. ಟಾರಿನ ಮೇಲೆ ಓಡಿಸಬೇಡಿ, ಟಾರೂ ಹಾಳು, ಟೈರೂ ಹಾಳು.

ಇನ್ನು ಸೈಜಿನ ಲೆಕ್ಕ. ಜಿಮ್ನಿಯ ಟೈರಿನ ಮೇಲೆ 195/80 ಆರ್ 15 ಅಂತ ಬರೆದಿರುತ್ತದೆ. 195 ಅಂದರೆ ಅಗಲ, ಮಿಲಿಮೀಟರಿನಲ್ಲಿ. 80 ಅಂದರೆ ಪಕ್ಕದ ಎತ್ತರ, ಆ ಅಗಲದ ಶೇಕಡಾ 80, ಅಂದರೆ 156 ಮಿಲಿಮೀಟರ್. 15 ಅಂದರೆ ಡಿಸ್ಕಿನ, ಅಂದರೆ ಟೈರು ಕೂರುವ ಲೋಹದ ಚಕ್ರದ ಅಳತೆ, ಇಂಚಿನಲ್ಲಿ. ಡಿಸ್ಕಿನ ಅಳತೆಗೆ ಮೇಲಿನ, ಕೆಳಗಿನ ಎರಡೂ ಪಕ್ಕಗಳ ಎತ್ತರ ಕೂಡಿಸಿದರೆ ಟೈರಿನ ಒಟ್ಟು ಎತ್ತರ 693 ಮಿಲಿಮೀಟರ್. ತೊಂದರೆ ಏನೆಂದರೆ ಈ ಸೈಜಿನ ಟೈರು ಎಲ್ಲಾ ಊರಲ್ಲೂ ಎಲ್ಲಾ ಕಂಪನಿಯದೂ ಸಿಗುವುದಿಲ್ಲ. ಆದರೆ 215/75 ಆರ್ 15 ಧಾರಾಳವಾಗಿ ಸಿಗುತ್ತದೆ, ಯಾಕೆಂದರೆ ಅದು ಬೊಲೆರೊ ಸೈಜು. ಬೊಲೆರೊ ಇಲ್ಲದ ಹಳ್ಳಿ ನಮ್ಮಲ್ಲಿ ಎಲ್ಲಿದೆ? ಇದರ ಎತ್ತರ ಸುಮಾರು 703 ಮಿಲಿಮೀಟರ್. ಹಳೆಯದಕ್ಕಿಂತ ಶೇಕಡಾ ಒಂದೂವರೆ ಮಾತ್ರ ಜಾಸ್ತಿ. ಜಿಮ್ನಿಯ ಡಿಸ್ಕಿಗೆ ಕೂರುತ್ತದೆ, ಮೀಟರಿನಲ್ಲೂ ಹೇಳಿಕೊಳ್ಳುವಷ್ಟು ವ್ಯತ್ಯಾಸ ಬರುವುದಿಲ್ಲ. ಕಂಪನಿ ಸೈಜು ಸಿಕ್ಕರೆ ಅದನ್ನೇ ಹಾಕಿ, ಸಿಗದಿದ್ದರೆ ಇಲ್ಲಿಯವರೆಗೆ ಹೋಗಬಹುದು. ಕಂಪನಿ ಹೇಳಿದ ಸೈಜು ಬಿಟ್ಟರೆ ವಾರಂಟಿ, ವಿಮೆ ಕೇಳುವಾಗ ಪ್ರಶ್ನೆ ಬರಬಹುದು ಅನ್ನುವುದು ಗೊತ್ತಿರಲಿ.

ಇದಕ್ಕೂ ಮೇಲೆ ಹೋದರೆ ಕಷ್ಟ ಶುರು. 235/75 ಆರ್ 15 ಹಾಕಿಸುವವರಿದ್ದಾರೆ. ಎತ್ತರ 733 ಮಿಲಿಮೀಟರ್, ಅಂದರೆ ಶೇಕಡಾ ಆರರ ಹತ್ತಿರ ಜಾಸ್ತಿ. ಗಾಡಿ ಮೇಲೇರುವುದು ಎಷ್ಟು? ಬರೀ 2 ಸೆಂಟಿಮೀಟರ್. ಜಿಮ್ನಿಯ ಗ್ರೌಂಡ್ ಕ್ಲಿಯರೆನ್ಸ್ ಮೊದಲೇ 210 ಮಿಲಿಮೀಟರ್ ಇದೆ, ತೋಟಕ್ಕೆ ಅದೇ ಧಾರಾಳ. ಬದಲಿಗೆ ಕಳೆದುಕೊಳ್ಳುವುದು ಏನು? ಎಂಜಿನ್ 1.5 ಲೀಟರ್ ಪೆಟ್ರೋಲು, ಎಳೆತ 134 ನ್ಯೂಟನ್ ಮೀಟರ್, ಅದೂ 4,000 ಆರ್.ಪಿ.ಎಂ.ಗೆ ಹೋದ ಮೇಲೆ. ಚಕ್ರ ದೊಡ್ಡದಾದಷ್ಟೂ ಗೇರಿನ ಎಳೆತ ಕಡಿಮೆಯಾಗುತ್ತದೆ. ಶಿರಾಡಿ ಏರಿನಲ್ಲಿ ಮೂರನೇ ಗೇರಿನಲ್ಲಿ ಬರುತ್ತಿದ್ದ ಗಾಡಿ ಎರಡಕ್ಕೆ ಇಳಿಯುತ್ತದೆ. ಮೀಟರ್ 80 ತೋರಿಸುವಾಗ ಮೊದಲಿಗಿಂತ ನಾಲ್ಕೈದು ಕಿಲೋಮೀಟರ್ ಜಾಸ್ತಿ ವೇಗದಲ್ಲಿ ಇರುತ್ತೀರಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಎಲ್ಲೋ ಉಜ್ಜಬಹುದು. ಹಿಂದಿನ ಬಾಗಿಲ ಮೇಲೆ ತೂಗುವ ಸ್ಟೆಪ್ನಿ ಭಾರವಾಗುತ್ತದೆ, ಆ ಭಾರವೆಲ್ಲಾ ಕೀಲಿನ ಮೇಲೆ. ಕಂಪನಿಯ ಡಿಸ್ಕು ಐದೂವರೆ ಇಂಚು ಅಗಲ, 235ಕ್ಕೆ ಕಡಿಮೆ ಅಂದರೂ ಆರು ಇಂಚು ಬೇಕು. ಹಾಗಾಗಿ ಡಿಸ್ಕೂ ಬದಲಾಯಿಸಿ, ಮತ್ತೆ ಐದು. ಖರ್ಚು ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ!

ತೂಕದ ಮಾತು ಬಂತಲ್ಲ, ಇನ್ನೊಂದು ಹೇಳಬೇಕು. ಎಲ್.ಟಿ. ಅಂತ ಗುರುತಿರುವ ಟೈರುಗಳು ಬರುತ್ತವೆ, ಲೈಟ್ ಟ್ರಕ್ಕಿಗೆ ಅಂತ ಮಾಡಿದ್ದು. ಒಳಗೆ ಪದರ ಜಾಸ್ತಿ, ಗಟ್ಟಿ. ಗಟ್ಟಿ ಅಂದರೆ ಒಳ್ಳೆಯದು ಅಂತ ನಮಗೆಲ್ಲಾ ಒಂದು ನಂಬಿಕೆ. ಜಿಮ್ನಿಯ ಟೈರಿನ ಮೇಲೆ ಸೈಜಿನ ಪಕ್ಕ 96 ಎಸ್ ಅಂತ ಇರುತ್ತದೆ. 96 ಅಂದರೆ ಒಂದು ಟೈರು 710 ಕಿಲೋ ಹೊರುತ್ತದೆ. ನಾಲ್ಕಕ್ಕೆ 2,840. ಖಾಲಿ ಗಾಡಿಯ ತೂಕ ಸುಮಾರು 1,200 ಕಿಲೋ. ನಾಲ್ಕು ಜನ, ಎರಡು ಚೀಲ ಗೊಬ್ಬರ ಹಾಕಿದರೂ ಎಷ್ಟಾಯಿತು? ಟ್ರಕ್ಕಿನ ಟೈರು ಇಷ್ಟು ಹಗುರ ಗಾಡಿಗೆ ಬಗ್ಗುವುದೇ ಇಲ್ಲ. ಕಲ್ಲಿನ ಮೇಲೆ ಟೈರು ಬಗ್ಗಬೇಕು, ಆಗಲೇ ಹಿಡಿತ. ಬಗ್ಗದಿದ್ದರೆ ಗಾಡಿ ಕುಪ್ಪಳಿಸುತ್ತದೆ. ಜಿಮ್ನಿ, ಜಿಪ್ಸಿಗಳ ದೊಡ್ಡ ಗುಣವೇ ಹಗುರವಾಗಿರುವುದು, ದೊಡ್ಡ ಗಾಡಿ ಹೂತುಕೊಳ್ಳುವಲ್ಲಿ ಇವು ತೇಲಿಕೊಂಡು ಹೋಗುತ್ತವೆ. ದುಡ್ಡು ಕೊಟ್ಟು ಆ ಗುಣವನ್ನೇ ಯಾಕೆ ಕಳೆದುಕೊಳ್ಳಬೇಕು? ಎಸ್ ಅಂದರೆ ಗಂಟೆಗೆ 180 ಕಿಲೋಮೀಟರ್‌ವರೆಗಿನ ವೇಗಕ್ಕೆ ಅಂತ. ಹೊಸ ಟೈರಿನಲ್ಲಿ ಈ ಎರಡೂ ಹಳೆಯದಕ್ಕಿಂತ ಕಡಿಮೆ ಇರಬಾರದು.

ಈಗ ಜಾಸ್ತಿ ಜನ ಎಡವುವ ಜಾಗಕ್ಕೆ ಬರೋಣ. "ಸದ್ಯಕ್ಕೆ ಎರಡು ಹಾಕ್ಸೋಣ, ಇನ್ನೆರಡು ಮುಂದಿನ ವರ್ಷ." ಸಾದಾ ಕಾರಿಗೆ ಇದು ನಡೆಯುತ್ತದೆ. ಜಿಮ್ನಿ, ಜಿಪ್ಸಿಗಳಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಚಕ್ರಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ, ನಡುವೆ ಡಿಫರೆನ್ಶಿಯಲ್, ಅಂದರೆ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು, ಇಲ್ಲ. ಹೊಸ ಟೈರಿಗೂ ಸವೆದ ಟೈರಿಗೂ ಬಟನ್ನಿನ ಆಳದಲ್ಲಿ 6 ಮಿಲಿಮೀಟರ್ ವ್ಯತ್ಯಾಸ ಇದ್ದರೆ ಎತ್ತರದಲ್ಲಿ 12 ಮಿಲಿಮೀಟರ್ ಆಯಿತು. ಒಂದು ಕಿಲೋಮೀಟರಿಗೆ ಸವೆದ ಚಕ್ರ ಸುಮಾರು 8 ಸುತ್ತು ಜಾಸ್ತಿ ತಿರುಗಬೇಕು. ಆದರೆ ಬಿಗಿದುಕೊಂಡಿದೆ, ತಿರುಗುವ ಹಾಗಿಲ್ಲ. ಕೆಸರಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಹಿಡಿತ ಇರುವ ಗಟ್ಟಿ ನೆಲದಲ್ಲಿ ಆ ಒತ್ತಡವೆಲ್ಲಾ ಗೇರುಗಳ ಮೇಲೆ ಬೀಳುತ್ತದೆ. ಆಮೇಲೆ ಫೋರ್ ವೀಲ್ ಲಿವರ್ ಬಿಡಿಸಲಿಕ್ಕೆ ಬರುವುದಿಲ್ಲ ಅಂತ ಗ್ಯಾರೇಜಿಗೆ ಓಡುವುದು. ಆದ್ದರಿಂದ ನಾಲ್ಕೂ ಒಟ್ಟಿಗೆ, ಒಂದೇ ಕಂಪನಿ, ಒಂದೇ ಮಾದರಿ. ಕೈಯಲ್ಲಿ ದುಡ್ಡಿದ್ದರೆ ಐದೂ. ಐದನ್ನೂ ಸರದಿಯಲ್ಲಿ ಬದಲಾಯಿಸುತ್ತಾ ಬಂದರೆ ಎಲ್ಲಾ ಸಮನಾಗಿ ಸವೆಯುತ್ತವೆ, ಸ್ಟೆಪ್ನಿ ಹಾಕಿದಾಗಲೂ ಈ ತಾಪತ್ರಯ ಇಲ್ಲ.

ಅಂಗಡಿಯಲ್ಲಿ ಬಿಲ್ ಮಾಡಿಸುವ ಮೊದಲು ಟೈರಿನ ಹುಟ್ಟಿದ ದಿನ ನೋಡಿ. ಪಕ್ಕದಲ್ಲಿ ಒಂದು ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕೆ ಇರುತ್ತದೆ. 2324 ಅಂತಿದ್ದರೆ 2024ನೇ ಇಸವಿಯ 23ನೇ ವಾರದ್ದು. ಐ.ಎಸ್.ಐ. ಗುರುತು ಇದೆಯಾ ಅಂತಲೂ ನೋಡಿ. ತೋಟದ ಗಾಡಿಗಳದ್ದು ಒಂದು ವಿಶೇಷ ಕಾಯಿಲೆ ಇದೆ, ಓಡುವುದು ಕಡಿಮೆ, ನಿಲ್ಲುವುದು ಜಾಸ್ತಿ. ಬಟನ್ ಚೆನ್ನಾಗಿಯೇ ಇರುತ್ತದೆ, ರಬ್ಬರ್ ಮಾತ್ರ ಗಟ್ಟಿಯಾಗಿ ಪಕ್ಕದಲ್ಲಿ ಕೂದಲೆಳೆ ಬಿರುಕು ಬಿಟ್ಟಿರುತ್ತದೆ. ಅಂಥ ಟೈರು ಒದ್ದೆ ಟಾರಿನಲ್ಲಿ ಹಿಡಿಯುವುದಿಲ್ಲ. ಐದಾರು ವರ್ಷ ಆದ ಟೈರನ್ನು "ಇನ್ನೂ ಬಟನ್ ಇದೆಯಲ್ಲ" ಅಂತ ಇಟ್ಟುಕೊಳ್ಳಬೇಡಿ.

ಯಾವಾಗ ಬದಲಾಯಿಸಬೇಕು? ಕಾನೂನಿನ ಪ್ರಕಾರ ಕಾರಿನ ಟೈರಿಗೆ 1.6 ಮಿಲಿಮೀಟರ್ ಆಳ ಇದ್ದರೆ ಸಾಕು. ನಮ್ಮ ಮಳೆಗೆ ಅದು ಸಾಲುವುದಿಲ್ಲ, 3 ಮಿಲಿಮೀಟರಿಗೆ ಬಂದರೆ ಆ ವರ್ಷದ ಮಳೆಗೆ ಮೊದಲೇ ತೆಗೆಸಿ. ಮೇ ತಿಂಗಳ ನಡುವೆ ಹಾಕಿಸುವುದು ಒಳ್ಳೆಯದು. ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಂದ ಜಿಡ್ಡು ಇರುತ್ತದೆ, ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಸ್ವಲ್ಪ ಜಾರುತ್ತದೆ. ಆ ಜಿಡ್ಡು ಬಿಸಿಲಲ್ಲೇ ಹೋಗಲಿ.

ಗಾಳಿ ಎಷ್ಟು ಹಾಕಬೇಕು ಅಂತ ಅಂಗಡಿ ಹುಡುಗನನ್ನು ಕೇಳಬೇಡಿ, ಕಂಪನಿ ಸ್ಟಿಕರಿನಲ್ಲೇ ಬರೆದಿರುತ್ತದೆ, ಡ್ರೈವರ್ ಬಾಗಿಲು ತೆಗೆದು ಅಲ್ಲಿ ನೋಡಿ. ಬೊಲೆರೊ ಸೈಜು ಹಾಕಿದ್ದೀರಿ ಅಂತ ಬೊಲೆರೊ ಗಾಳಿ ತುಂಬಿಸಿಬಿಟ್ಟರೆ ಹಗುರ ಗಾಡಿ ಎಗರುತ್ತಾ ಹೋಗುತ್ತದೆ. ನೈಟ್ರೋಜನ್ ಬೇಕಾ ಅಂತ ಕೇಳುತ್ತಾರೆ. ಸಾದಾ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್, ಅದಕ್ಕೆ ಬೇರೆ ದುಡ್ಡು ಯಾಕೆ? ಅದರ ಬದಲು ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿ. ಹೊಸ ವಾಲ್ವ್ ಹಾಕಿಸಿ. ನೂರು ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಒಮ್ಮೆ ಬಿಗಿ ನೋಡಿಸಿಕೊಳ್ಳಿ, ಸ್ಟೆಪ್ನಿಯ ಗಾಳಿಯನ್ನೂ ಆಗಲೇ ನೋಡಿಸಿಬಿಡಿ.

ನಮಸ್ಕಾರ.