ಮಗುವಿಗಲ್ಲ ಸ್ವಾಮಿ, ಬಾಣಂತಿಗೆ!

ಎಲ್ಲರಿಗೂ ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ. ಆದರೆ ಹೋದ ವಾರದ ವಿಡಿಯೊ ಕೆಳಗೆ ಒಬ್ಬರು ಬರೆದ ಮಾತು ಓದಿದ ಮೇಲೆ ಸುಮ್ನೆ ಕೂರೋಕೆ ಆಗಲಿಲ್ಲ. "ನಮ್ಮಜ್ಜಿ ಹತ್ತು ಹೆತ್ತರು. ಆಗ ಯಾವ ಡೌಲಾ ಬಂದಿದ್ದಳು? ಇದೆಲ್ಲ ದುಡ್ಡಿದ್ದವರ ಶೋಕಿ." ಅದಕ್ಕೆ ಲೈಕ್ ಬೇರೆ! ಡೌಲಾ ಅಂದರೆ ಹೆರಿಗೆಯಾದ ಮನೆಗೆ ಸಂಬಳಕ್ಕೆ ಬಂದು ಬಾಣಂತಿಯ ಆರೈಕೆ ಮಾಡುವವಳು.

ಸರ್, ನಿಮ್ಮಜ್ಜಿ ಹೆತ್ತಾಗ ಮನೆಯಲ್ಲಿ ಯಾರ್ಯಾರಿದ್ದರು, ಸ್ವಲ್ಪ ವಿಚಾರಿಸಿ. ತವರಿನಲ್ಲಿ ತಾಯಿ, ಅತ್ತಿಗೆ, ಚಿಕ್ಕಮ್ಮ. ಬೆಳಗಿನ ಜಾವ ಹಂಡೆಗೆ ಉರಿ ಹಾಕೋಕೆ ಒಬ್ಬರು, ಎಣ್ಣೆ ಹಚ್ಚಿ ನೀರು ಹಾಕೋಕೆ ಒಬ್ಬರು, ಬಿಸಿ ಅನ್ನಕ್ಕೆ ಮೆಣಸಿನ ಸಾರು ಬಡಿಸೋಕೆ ಇನ್ನೊಬ್ಬರು. ಹೆರಿಗೆ ಮಾಡಿಸಿದ ಸೂಲಗಿತ್ತಿ ಆಮೇಲೂ ಬಂದು ನೋಡಿ ಹೋಗುತ್ತಿದ್ದಳು. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಹೆಮ್ಮೆಯಿಂದ ಸ್ಟೇಟಸ್ ಹಾಕಿದೆವು, ಅಲ್ವಾ? ಅದೇ ಆರೈಕೆಯನ್ನು ಒಬ್ಬಳು ಬೆಂಗಳೂರಿನ ಫ್ಲ್ಯಾಟಿಗೆ ಬಂದು ಮಾಡಿ ಸಂಬಳ ಕೇಳಿದರೆ ಮಾತ್ರ ಶೋಕಿ ಹೇಗಾಗುತ್ತದೆ?

ನಾನು ಹೇಳೋದು ಒಂದೇ ಮಾತು. ಹೆರಿಗೆಯಾದ ಮನೆಗೆ ಒಬ್ಬರು ಬರಬೇಕು. ಮಗುವಿಗೆ ಅಂತಲ್ಲ, ಬಾಣಂತಿಗೆ ಅಂತ.

ಬಂದ ನೆಂಟರೆಲ್ಲ ತೊಟ್ಟಿಲಿಗೆ ಬಗ್ಗುತ್ತಾರೆ. ಮೂಗು ಯಾರದು, ಬಣ್ಣ ಯಾರದು. ಪಕ್ಕದಲ್ಲೇ ಹೊಲಿಗೆ ಹಿಡಿದುಕೊಂಡು ಕೂತವಳನ್ನು ಕೇಳೋರಿಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ ನೂರು ಹೆರಿಗೆಯಲ್ಲಿ 31ರಷ್ಟು ಸಿಸೇರಿಯನ್. ಹೊಟ್ಟೆ ಕೊಯ್ದು ಹೊಲಿದ ಹೆಂಗಸು ಕೆಲವೇ ದಿನಕ್ಕೆ ಮನೆಗೆ ಬರುತ್ತಾಳೆ. ಬೇರೆ ಯಾವ ಆಪರೇಷನ್ ಆದವರನ್ನು ರಾತ್ರಿಯೆಲ್ಲ ಎರಡೆರಡು ಗಂಟೆಗೆ ಎಬ್ಬಿಸುತ್ತೀರಿ, ಹೇಳಿ!

ನನ್ನ ಚಿಕ್ಕಮ್ಮನ ಮಗಳ ಮನೆಯಲ್ಲಿ ಕಣ್ಣಾರೆ ನೋಡಿದ್ದು ಹೇಳುತ್ತೇನೆ. ಮಗು ಒಂದೇ ಸಮ ಅಳುತ್ತಿತ್ತು. ಹಾಲು ಸಾಲುತ್ತಿಲ್ಲ, ಡಬ್ಬಿ ಹಾಲು ತನ್ನಿ ಅಂತ ಎಲ್ಲರ ತೀರ್ಪು. ಡೌಲಾ ಬಂದವಳು ಮೊದಲು ಮಗುವನ್ನು ಮುಟ್ಟಲೇ ಇಲ್ಲ. "ಊಟ ಆಯ್ತೇನಮ್ಮ?" ಅಂತ ಕೇಳಿದಳು. ಆಗಿರಲಿಲ್ಲ. ನೀರು ಕುಡಿದರೆ ಹೊಟ್ಟೆ ಬರುತ್ತೆ ಅಂತ ನೀರೂ ಕೊಟ್ಟಿರಲಿಲ್ಲ! ಮೊದಲು ಒಂದು ಚೊಂಬು ನೀರು, ರಾಗಿ ಗಂಜಿ. ಆಮೇಲೆ ಬೆನ್ನಿಗೊಂದು ದಿಂಬು, ಮೊಣಕೈ ಕೆಳಗೊಂದು ದಿಂಬು. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವ ಹಾಗೆ ತಿರುಗಿಸಿದಳು. ಬಾಯಿ ಅಗಲ ತೆರೆಯೋ ತನಕ ಕಾದು, ತೊಟ್ಟಿನ ತುದಿ ಮಾತ್ರ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯಿಗೆ ಸಿಗುವ ಹಾಗೆ ಹಿಡಿಸಿದಳು. ಅಷ್ಟು ಹೊತ್ತೂ ಹಲ್ಲು ಕಚ್ಚಿಕೊಂಡಿದ್ದ ಹುಡುಗಿಯ ಮುಖ ಸಡಿಲವಾಯಿತು. ಮಗು ಗುಟುಕು ನುಂಗುವ ಸದ್ದು ನನಗೂ ಕೇಳಿಸಿತು. ತಾಯಿಯನ್ನು ನೋಡಿಕೊಂಡರೆ ಮಗುವನ್ನೂ ನೋಡಿಕೊಂಡ ಹಾಗೇ. ಅದಕ್ಕೇ ಹೇಳಿದ್ದು, ಬಾಣಂತಿಗೆ ಅಂತ!

ಈ ಥರದ ವಿಡಿಯೊ ಬೇಕು ಅನ್ನೋರು ಸಬ್‌ಸ್ಕ್ರೈಬ್ ಮಾಡಿ. ಮನೆಯಲ್ಲಿ ಬಸುರಿ ಇದ್ದರೆ ಅವರ ಗಂಡನಿಗೆ ಮೊದಲು ಕಳಿಸಿ.

"ಅಮ್ಮ ಇದ್ದಾರಲ್ಲ" ಅನ್ನುತ್ತೀರಿ. ಅಮ್ಮನಿಗೆ ಅರವತ್ತು ದಾಟಿದೆ, ಮಂಡಿನೋವು, ಬಿಪಿ. ಅವರು ಅಡುಗೆ ಮಾಡಬೇಕಾ, ರಾತ್ರಿ ನಿದ್ದೆ ಕೆಡಬೇಕಾ? ಎಣ್ಣೆ ನೀರು, ಅಂಟಿನುಂಡೆ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು ಎಲ್ಲ ಇರಲಿ, ಒಳ್ಳೆಯದೇ. ಬಾಗಿಲು ಮುಚ್ಚಿ ಧೂಪದ ಹೊಗೆ ಹಾಕೋದು, ಹಸುಗೂಸಿನ ನಾಲಿಗೆಗೆ ಜೇನುತುಪ್ಪ ಸವರೋದು ಬೇಡ. ಇದನ್ನು ಸೊಸೆ ಹೇಳಿದರೆ ಜಗಳ. ಹೊರಗಿನ ಹೆಂಗಸು ಮೆತ್ತಗೆ ಹೇಳಿದರೆ ಅತ್ತೆಯೂ ಕೇಳುತ್ತಾರೆ.

"ಡಾಕ್ಟರ್ ಇದ್ದಾರೆ" ಅಂತಲೂ ಬರೆದಿದ್ದೀರಿ. ಡೌಲಾ ಡಾಕ್ಟರಲ್ಲ, ಔಷಧಿ ಕೊಡಬಾರದು. ಒಂದೇ ಗಂಟೆಯಲ್ಲಿ ಪ್ಯಾಡ್ ಪೂರ್ತಿ ನೆನೆಯಿತು, ಜ್ವರ ಬಂತು, ಒಂದು ಕಾಲು ಊದಿ ನೋಯುತ್ತಿದೆ ಅಂದರೆ ತಡಮಾಡದೆ ಆಸ್ಪತ್ರೆಗೆ ಕಳಿಸುವವಳೇ ಒಳ್ಳೆಯ ಡೌಲಾ. ಆದರೆ ಅದನ್ನು ಗಮನಿಸೋಕೆ ಬಾಣಂತಿಯ ಕಡೆ ಒಬ್ಬರು ನೋಡುತ್ತಿರಬೇಕಲ್ಲ!

ಮನಸ್ಸಿನ ಮಾತಿಗೆ ಬನ್ನಿ. ಹೆರಿಗೆಯಾಗಿ ಮೂರ್ನಾಲ್ಕು ದಿನಕ್ಕೆ ಸುಮ್ಮಸುಮ್ಮನೆ ಅಳು ಬರುವುದು ಮಾಮೂಲು. ಎರಡು ವಾರ ಕಳೆದರೂ ಹೋಗದಿದ್ದರೆ ಅದು ಖಿನ್ನತೆ ಇರಬಹುದು. ಭಾರತದ ಹತ್ತಾರು ಅಧ್ಯಯನಗಳನ್ನು ಒಟ್ಟು ಮಾಡಿ 2017ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ನೂರರಲ್ಲಿ 22 ತಾಯಂದಿರಿಗೆ ಇದು ಬರುತ್ತದೆ. "ನಾಟಕ" ಅಂತ ಬರೆದಿರೋ ಮಹಾನುಭಾವರೇ, ನಿಮಗೆ ಉತ್ತರ ಕೊಡಲ್ಲ. ನಿಮ್ಮ ಹೆಂಡತಿಯನ್ನು ಕೇಳಿ.

ದುಡ್ಡಾ? ನಾಮಕರಣಕ್ಕೆ ಹಾಲ್ ಇದೆ, ಬಲೂನ್ ಇದೆ, ಫೋಟೊಗ್ರಾಫರ್ ಇದ್ದಾನೆ. ಬಾಣಂತಿಗೆ ಮಾತ್ರ ದುಡ್ಡಿಲ್ಲ! ನಿಜವಾಗಿಯೂ ಇಲ್ಲದವರು ಆಶಾ ಕಾರ್ಯಕರ್ತೆಯನ್ನು ಬಿಡಬೇಡಿ. ಆಸ್ಪತ್ರೆ ಹೆರಿಗೆಯಾದರೆ 42 ದಿನದೊಳಗೆ 6 ಸಲ ಮನೆಗೆ ಬರಬೇಕು ಅಂತ ನಿಯಮವೇ ಇದೆ. ಬಂದಾಗ ಮಗುವಿನ ತೂಕ ನೋಡಿ ಕಳಿಸಬೇಡಿ, ತಾಯಿ ಹತ್ತಿರ ಕೂರಿಸಿ. ನೆದರ್ಲೆಂಡ್ಸಿನಲ್ಲಿ ತರಬೇತಾದ ಸಹಾಯಕಿ ಸುಮಾರು 8 ದಿನ ಮನೆಗೇ ಬರುತ್ತಾಳೆ. ಆರೋಗ್ಯ ವಿಮೆಯಲ್ಲೇ ಸೇರಿದೆ, ಕೈಯಿಂದ ಕೊಡೋದು ಸ್ವಲ್ಪ. ನಮ್ಮ ವಿಮೆಯವರೂ ಕೊಡಲಿ! ಯಾಕೆ ಕೊಡಬಾರದು? ಬಾಣಂತಿಗೆ ಕೊಡಿ ಸ್ವಾಮಿ, ಬಾಣಂತಿಗೆ!

ಕಾರಣ ಎಷ್ಟು ಅಂತ ಕೊಡಲಿ? ಅವಳು ಉಂಡಳಾ, ಮಲಗಿದಳಾ, ನೋಡಿ. ಅಷ್ಟೇ.

ಮನಸ್ಸಿಗೆ ಭಾರ ಆಗಿರುವ ತಾಯಂದಿರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ವಾರದ ವಿಡಿಯೊ ಗಂಡಂದಿರಿಗೆ ಮಾತ್ರ. ಎಳೆದುಕೊಂಡು ಬಂದು ಕೂರಿಸಿ.