ಒನಕೆಯಲ್ಲ, ಕಹಳೆ

ಅಧ್ಯಕ್ಷರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ಸಹಜ ರೋಗನಿರೋಧಕ ಶಕ್ತಿ ಮತ್ತು ಟಿ ಕೋಶ ಸಂಶೋಧನೆ: ವಿಜ್ಞಾನ ಸಮ್ಮೇಳನಗಳ ಪಾತ್ರ’ ಎಂದು ಅಚ್ಚು ಹಾಕಿಸಿದ್ದಾರೆ. ಇಷ್ಟುದ್ದದ ಹೆಸರನ್ನು ಓದಿದ ಮೇಲೂ ದಾವಣಗೆರೆಯ ಈ ಬಿಸಿಲಿನಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಸಭಾಂಗಣ ತುಂಬುವಷ್ಟು ಬಂದಿದ್ದೀರಿ. ಹಾಜರಾತಿ ಕಡ್ಡಾಯ ಎಂಬ ಗುಟ್ಟು ನನಗೂ ಗೊತ್ತು. ಮೂವತ್ತು ವರ್ಷ ನಾನೂ ಹಾಜರಿ ಪುಸ್ತಕ ಹಿಡಿದವನೇ.

ಪಠ್ಯಪುಸ್ತಕ ತೆರೆದರೆ ಮೊದಲ ಅಧ್ಯಾಯದಲ್ಲೇ ಎರಡು ಪಡೆಗಳ ಚಿತ್ರವಿದೆ. ಒಂದು, ಹುಟ್ಟಿನಿಂದಲೇ ಬಂದ ಸಹಜ ಪಡೆ: ಚರ್ಮ, ಲೋಳೆಪೊರೆ, ಸೂಕ್ಷ್ಮಜೀವಿಗಳನ್ನು ನುಂಗುವ ಭಕ್ಷಕ ಕೋಶಗಳು. ಇದು ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ. ಇನ್ನೊಂದು, ಟಿ ಕೋಶ ಮತ್ತು ಬಿ ಕೋಶಗಳೆಂಬ ಬಿಳಿ ರಕ್ತಕಣಗಳ ಪಡೆ. ಇದು ಸಜ್ಜಾಗಲು ಹಲವು ದಿನ ಬೇಕು, ಆದರೆ ಒಮ್ಮೆ ಕಂಡ ಶತ್ರುವನ್ನು ವರ್ಷಗಟ್ಟಲೆ ನೆನಪಿಡುತ್ತದೆ. ಎರಡರ ನಡುವೆ ಪುಸ್ತಕದವರು ಒಂದು ಬಾಣದ ಗುರುತು ಎಳೆದಿರುತ್ತಾರೆ. ಆ ಬಾಣ ಎಳೆಯಲು ಸುಮಾರು ನೂರು ವರ್ಷ ಹಿಡಿಯಿತು. ಕಾರಣ ಬಹಳ ಸರಳ: ಒಂದು ಪಡೆಯನ್ನು ಅಧ್ಯಯನ ಮಾಡುವವರು ಇನ್ನೊಂದು ಪಡೆಯವರ ಸಭೆಗೆ ಹೋಗುತ್ತಿರಲಿಲ್ಲ.

1882ರಲ್ಲಿ ಸಿಸಿಲಿಯ ಮೆಸ್ಸಿನಾ ಊರಿನಲ್ಲಿ ಎಲಿ ಮೆಚ್ನಿಕಾಫ್ ಎಂಬ ರಷ್ಯನ್ ಪ್ರಾಣಿಶಾಸ್ತ್ರಜ್ಞನಿದ್ದ. ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದ ದಿನ ಅವನೊಬ್ಬನೇ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದ. ನಕ್ಷತ್ರ ಮೀನಿನ ಪಾರದರ್ಶಕ ಮರಿಗೆ ತೋಟದ ಗುಲಾಬಿ ಮುಳ್ಳನ್ನು ಚುಚ್ಚಿ ಇಟ್ಟ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಅಲೆಮಾರಿ ಕೋಶಗಳು ಮುತ್ತಿಕೊಂಡಿದ್ದವು. ಭಕ್ಷಕ ಕೋಶಗಳ ಕಥೆ ಹೀಗೆ ಶುರುವಾಯಿತು. ಅತ್ತ ಜರ್ಮನಿಯಲ್ಲಿ ಪಾಲ್ ಎರ್ಲಿಕ್ ಮತ್ತು ಅವನ ಕಡೆಯವರು, ರೋಗವನ್ನು ತಡೆಯುವುದು ಕೋಶವಲ್ಲ, ರಕ್ತದ ತಿಳಿ ಭಾಗವಾದ ಸೀರಮ್ಮಿನಲ್ಲಿರುವ, ರೋಗಾಣುವಿಗೆ ಅಂಟಿಕೊಳ್ಳುವ ಪ್ರತಿಕಾಯ ಎಂಬ ಪ್ರೋಟೀನು ಎಂದು ಹಟ ಹಿಡಿದಿದ್ದರು. 1908ರ ನೊಬೆಲ್ ಪ್ರಶಸ್ತಿಯನ್ನು ಸಮಿತಿ ಇಬ್ಬರಿಗೂ ಹಂಚಿತು. ಪ್ರಶಸ್ತಿಯನ್ನೇನೋ ಒಟ್ಟಿಗೆ ಕೊಟ್ಟರು, ಪಾಳೆಯಗಳು ಮಾತ್ರ ಒಂದಾಗಲಿಲ್ಲ. ಮುಂದೆ ಸೀರಮ್ಮಿನವರ ಕೈ ಮೇಲಾಯಿತು. ಭಕ್ಷಕ ಕೋಶಗಳಿಗೆ ಉಳಿದದ್ದು ಕಸ ಗುಡಿಸುವ ಕೆಲಸದ ಮರ್ಯಾದೆ.

ಟಿ ಕೋಶದ ಹಾದಿಯೂ ಸುಗಮವಾಗಿರಲಿಲ್ಲ. ಟಿ ಕೋಶಗಳು ಬಲಿಯುವುದು ಎದೆಮೂಳೆಯ ಹಿಂದೆ ಇರುವ ಥೈಮಸ್ ಗ್ರಂಥಿಯಲ್ಲಿ. ಆ ಗ್ರಂಥಿಗೆ ಕೆಲಸವೇ ಇಲ್ಲ ಎಂದು ಬಹುಕಾಲ ನಂಬಿದ್ದರು. 1961ರಲ್ಲಿ ಜಾಕ್ ಮಿಲ್ಲರ್ ಎಂಬ ತರುಣ, ಹುಟ್ಟಿದ ತಕ್ಷಣ ಇಲಿಮರಿಯಿಂದ ಥೈಮಸ್ ತೆಗೆದರೆ ಅದು ಸೋಂಕನ್ನು ಎದುರಿಸಲಾರದು, ಬೇರೆ ಇಲಿಯ ಚರ್ಮದ ಕಸಿಯನ್ನೂ ತಿರಸ್ಕರಿಸಲಾರದು ಎಂದು ತೋರಿಸಿದ. ಇದಾದ ಮೇಲೂ, 1963ರಲ್ಲಿ, ನೊಬೆಲ್ ವಿಜೇತ ಪೀಟರ್ ಮೆಡಾವರ್ ಅವರೇ ಥೈಮಸ್‌ನಲ್ಲಿ ಲಿಂಫೊಸೈಟುಗಳು, ಅಂದರೆ ಟಿ ಮತ್ತು ಬಿ ಕೋಶಗಳ ಜಾತಿಯ ಬಿಳಿ ರಕ್ತಕಣಗಳು, ಇರುವುದು ವಿಕಾಸದ ಒಂದು ಆಕಸ್ಮಿಕ, ಅಷ್ಟೇನೂ ಮಹತ್ವದ್ದಲ್ಲ ಎಂದು ಅಭಿಪ್ರಾಯಪಟ್ಟಿದ್ದರು. ದೊಡ್ಡವರು ಎಡವಿದಾಗ ನನಗೆ ಸ್ವಲ್ಪ ಖುಷಿಯಾಗುತ್ತದೆ, ಸುಳ್ಳೇಕೆ ಹೇಳಲಿ. ಅಲ್ಲಿಂದ ಇಪ್ಪತ್ತು ವರ್ಷ ಟಿ ಕೋಶ ತನ್ನ ಗುರಿಯನ್ನು ಯಾವುದರಿಂದ ಗುರುತಿಸುತ್ತದೆ ಎಂಬ ಹುಡುಕಾಟ ನಡೆಯಿತು. 1983ರಲ್ಲಿ ಜಪಾನಿನ ಕ್ಯೋಟೊದಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ಸೇರಿದ್ದಾಗ ಮಾರ್ಕ್ ಡೇವಿಸ್ ಟಿ ಕೋಶದ ಮೈಮೇಲಿದ್ದು ಗುರಿಯನ್ನು ಗುರುತಿಸುವ ಗ್ರಾಹಕದ ವಂಶವಾಹಿ ಸಿಕ್ಕಿದೆ ಎಂದು ಪ್ರಕಟಿಸಿದರು. ಪ್ರಬಂಧಗಳು ಅಚ್ಚಾದದ್ದು 1984ರಲ್ಲಿ.

ಈಗ ಒಂದು ಅಡುಗೆಮನೆಯ ವಿಷಯ. 1920ರ ದಶಕದಲ್ಲಿ ಪ್ಯಾರಿಸ್ಸಿನ ಗ್ಯಾಸ್ಟನ್ ರಾಮೋನ್ ಕುದುರೆಗಳಿಗೆ ಗಂಟಲಮಾರಿ ರೋಗದ ನಿರ್ವಿಷಗೊಳಿಸಿದ ವಿಷವನ್ನು ಚುಚ್ಚಿ ಪ್ರತಿವಿಷ ತಯಾರಿಸುತ್ತಿದ್ದರು. ಚುಚ್ಚಿದ ಜಾಗದಲ್ಲಿ ಕೀವುಗಟ್ಟಿದ ಕುದುರೆಗಳೇ ಹೆಚ್ಚು ಪ್ರತಿವಿಷ ಕೊಡುತ್ತವೆ ಎಂಬುದನ್ನು ಅವರು ಗಮನಿಸಿದರು. ಹಾಗಾದರೆ ಬೇಕೆಂದೇ ಊತ ಬರಿಸೋಣ ಎಂದು ಮರಗೆಣಸಿನ ಹಿಟ್ಟನ್ನು ಬೆರೆಸಿ ಚುಚ್ಚಿದರು. ನಾವು ಪಾಯಸಕ್ಕೆ ಹಾಕುವ ಸಬ್ಬಕ್ಕಿ ಇದರಿಂದಲೇ ಆಗುವುದು. ಪ್ರತಿವಿಷ ಹೆಚ್ಚಿತು! 1926ರಲ್ಲಿ ಇಂಗ್ಲೆಂಡಿನ ಗ್ಲೆನಿ ಅಲ್ಯೂಮಿನಿಯಂ ಲವಣ ಬೆರೆಸಿ ಅದೇ ಫಲ ಪಡೆದರು. ಇಂದು ನಮ್ಮ ಮಕ್ಕಳಿಗೆ ಹಾಕಿಸುವ ಹಲವು ಲಸಿಕೆಗಳಲ್ಲಿ ಆ ಲವಣ ಇದೆ. ಶುದ್ಧ ಪ್ರೋಟೀನನ್ನು ಮಾತ್ರ ಚುಚ್ಚಿದರೆ ಟಿ ಕೋಶ ಕದಲುವುದಿಲ್ಲ, ಒಂದಿಷ್ಟು ‘ಕಲ್ಮಶ’ ಬೆರೆಸಿದರೆ ಮಾತ್ರ ಏಳುತ್ತದೆ. ಏಕೆ? ಅರವತ್ತು ವರ್ಷ ಈ ಪ್ರಶ್ನೆಯನ್ನು ಯಾರೂ ಮೈಮೇಲೆ ಹಾಕಿಕೊಳ್ಳಲಿಲ್ಲ. ಪ್ರಯೋಗಾಲಯಗಳಲ್ಲಿ ಎಣ್ಣೆ ಮತ್ತು ಸತ್ತ ಕ್ಷಯಾಣುಗಳನ್ನು ಬೆರೆಸಿ ಕೆಲಸ ಸಾಗಿಸುತ್ತಿದ್ದರು. ಕೇಳಿದರೆ, ‘ಹಾಗೆ ಮಾಡಿದರೆ ಆಗುತ್ತದೆ’ ಎನ್ನುವುದೇ ಉತ್ತರ.

1989ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ರೋಗನಿರೋಧಕ ವಿಜ್ಞಾನದ ದೊಡ್ಡ ವಿಚಾರ ಸಂಕಿರಣ ನಡೆಯಿತು. ಅದರ ಪ್ರಸ್ತಾವನೆಯನ್ನು ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಜೇನ್‌ವೇ ಬರೆದರು. ತಮ್ಮ ಶಾಸ್ತ್ರದ ಈ ಸಂಕೋಚದ ಗುಟ್ಟನ್ನು ಅವರು ಎಲ್ಲರೆದುರು ಬಿಚ್ಚಿಟ್ಟರು. ಟಿ ಕೋಶದ ಗ್ರಾಹಕಗಳು ಯದ್ವಾತದ್ವಾ ಜೋಡಣೆಯಿಂದ ಹುಟ್ಟುವಂಥವು. ತಾನು ಹಿಡಿದದ್ದು ರೋಗಾಣುವೋ, ನಿನ್ನೆ ತಿಂದ ಬೇಳೆಯೋ ಎಂದು ಟಿ ಕೋಶಕ್ಕೆ ತಿಳಿಯುವುದು ಹೇಗೆ? ಬೇರೆ ಯಾರಾದರೂ ಹೇಳಬೇಕು. ಬ್ಯಾಕ್ಟೀರಿಯಾಗಳ ಮೈಮೇಲಿನ, ನಮ್ಮಲ್ಲಿಲ್ಲದ ವಿನ್ಯಾಸಗಳನ್ನು ಗುರುತಿಸುವ ಗ್ರಾಹಕಗಳು ಸಹಜ ಪಡೆಯಲ್ಲಿ ಇರಲೇಬೇಕು, ಅವು ಸದ್ದು ಮಾಡಿದ ಮೇಲೆಯೇ ಟಿ ಕೋಶ ಏಳುವುದು ಎಂಬುದು ಅವರ ವಾದ. ಅಂಥ ಒಂದು ಗ್ರಾಹಕವನ್ನೂ ಅವರು ಕಂಡಿರಲಿಲ್ಲ. ಬರಿಯ ತರ್ಕ.

ಇದನ್ನು ತರಗತಿಯಲ್ಲಿ ಹೇಳುವಾಗ ನಾನು ಪಕ್ಕದ ಚಿತ್ರದುರ್ಗಕ್ಕೆ ಹೋಗುತ್ತಿದ್ದೆ. ರೋಗನಿರೋಧಕ ಶಕ್ತಿ ಎಂದರೆ ಏಳು ಸುತ್ತಿನ ಕೋಟೆ ಎಂದು ಬರೆದ ಉತ್ತರಪತ್ರಿಕೆಗಳನ್ನು ಸಾಕು ಸಾಕೆನ್ನುವಷ್ಟು ತಿದ್ದಿದ್ದೇನೆ. ನಾನು ಹೇಳುವುದು ಗೋಡೆಯ ಮಾತಲ್ಲ. ಕಿಂಡಿಯಲ್ಲಿ ನುಸುಳಿದವರನ್ನು ಒಬ್ಬೊಬ್ಬರಾಗಿ ಬಡಿದು ಕೆಡವಿದ ಓಬವ್ವನ ಒನಕೆ ಎಲ್ಲರಿಗೂ ನೆನಪಿದೆ. ಅವಳ ಗಂಡ ಮುದ್ದಹನುಮನ ಕೈಯಲ್ಲಿದ್ದ ಕಹಳೆ ಯಾರಿಗೂ ನೆನಪಿಲ್ಲ. ಊಟ ಮುಗಿಸಿ ಬಂದವನು ಹೆಣಗಳ ರಾಶಿ ಕಂಡು ಕಹಳೆ ಊದಿದ, ಆಗ ಕೋಟೆಯ ಸೈನ್ಯ ಎದ್ದಿತು. ಸಹಜ ಪಡೆಯನ್ನು ನೂರು ವರ್ಷ ಒನಕೆ ಎಂದಷ್ಟೇ ತಿಳಿದಿದ್ದರು. ಜೇನ್‌ವೇ ಹೇಳಿದ್ದು, ಅದು ಕಹಳೆಯೂ ಹೌದು ಎಂದು. ಸಬ್ಬಕ್ಕಿಯ ಹಿಟ್ಟು, ಸತ್ತ ಕ್ಷಯಾಣು, ಇವೆಲ್ಲ ಕಹಳೆ ಊದಿಸುವ ಉಪಾಯಗಳು.

ಸಭೆಯಲ್ಲಿದ್ದವರು ಇದನ್ನು ತಲೆಯ ಮೇಲೆ ಹೊತ್ತು ಮೆರೆಸಲಿಲ್ಲ. ಆದರೆ ಸಂಕಿರಣದ ಸಂಪುಟ ಮಾಸ್ಕೊ ತಲುಪಿತು. ಅಲ್ಲಿ ಓದುತ್ತಿದ್ದ, ತಾಷ್ಕೆಂಟ್ ಮೂಲದ ರುಸ್ಲಾನ್ ಮೆಡ್ಜಿಟೊವ್ ಎಂಬ ವಿದ್ಯಾರ್ಥಿ ಆ ಪ್ರಸ್ತಾವನೆ ಓದಿ ನಿದ್ದೆಗೆಟ್ಟ. ಜೇನ್‌ವೇ ಅವರಿಗೆ ಇಮೇಲ್ ಬರೆದ, 1994ರಲ್ಲಿ ಅವರ ಪ್ರಯೋಗಾಲಯ ಸೇರಿದ. ಇತ್ತ ಫ್ರಾನ್ಸಿನಲ್ಲಿ ಜೂಲ್ಸ್ ಹಾಫ್‌ಮನ್ ತಂಡದವರು ಕೊಳೆತ ಬಾಳೆಹಣ್ಣಿನ ಮೇಲೆ ಹಾರುವ ಪುಟ್ಟ ನೊಣಗಳಲ್ಲಿ ಟೋಲ್ ಎಂಬ ವಂಶವಾಹಿ ಕೆಟ್ಟರೆ ಅವು ಶಿಲೀಂಧ್ರ ತಗುಲಿ ಸಾಯುತ್ತವೆ ಎಂದು 1996ರಲ್ಲಿ ತೋರಿಸಿದರು. ಮರುವರ್ಷ ಮೆಡ್ಜಿಟೊವ್ ಮತ್ತು ಜೇನ್‌ವೇ ಮನುಷ್ಯರ ಟೋಲ್ ಕೂಡ ಕಹಳೆಯ ಕೆಲಸ ಮಾಡುತ್ತದೆ ಎಂದು ಪ್ರಕಟಿಸಿದರು. 1998ರಲ್ಲಿ ಬ್ರೂಸ್ ಬ್ಯೂಟ್ಲರ್ ಇಲಿಗಳಲ್ಲಿ ಹುಡುಕಿ, ಬ್ಯಾಕ್ಟೀರಿಯಾದ ನಂಜನ್ನು ಗುರುತಿಸುವುದು ಈ ಟೋಲ್ ಕುಟುಂಬದ ನಾಲ್ಕನೆಯ ಗ್ರಾಹಕವೆಂದು ಕಂಡುಹಿಡಿದರು. ನೊಣದವರು, ಇಲಿಯವರು, ಟಿ ಕೋಶದವರು ಆ ಮೇಲೆ ಒಂದೇ ವೇದಿಕೆಗೆ ಬಂದರು. 2011ರ ನೊಬೆಲ್ ಹಾಫ್‌ಮನ್, ಬ್ಯೂಟ್ಲರ್ ಮತ್ತು ಸಹಜ ಪಡೆಯ ಸುದ್ದಿಯನ್ನು ಟಿ ಕೋಶಕ್ಕೆ ಮುಟ್ಟಿಸುವ ಡೆಂಡ್ರಿಟಿಕ್ ಕೋಶ ಕಂಡುಹಿಡಿದ ರಾಲ್ಫ್ ಸ್ಟೈನ್‌ಮನ್ ಅವರಿಗೆ ಸಂದಿತು. ಸ್ಟೈನ್‌ಮನ್ ಘೋಷಣೆಗೆ ಮೂರು ದಿನ ಮುಂಚೆ ತೀರಿಕೊಂಡಿದ್ದರು, ಅದು ಸಮಿತಿಗೆ ಗೊತ್ತಿರಲಿಲ್ಲ. ಜೇನ್‌ವೇ 2003ರಲ್ಲೇ ಹೋಗಿದ್ದರು. ಮೆಡ್ಜಿಟೊವ್ ಹೆಸರು ಪಟ್ಟಿಯಲ್ಲಿರಲಿಲ್ಲ. ಅದು ನ್ಯಾಯವೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ಇಂಥ ಸಭೆಗಳು ನಡೆಯುವ ರೀತಿಯೂ ವಿಚಿತ್ರ. 1931ರಿಂದ ನಡೆಯುತ್ತಿರುವ ಗಾರ್ಡನ್ ಸಮ್ಮೇಳನಗಳಲ್ಲಿ ಕೇಳಿದ್ದನ್ನು ಹೊರಗೆ ಉಲ್ಲೇಖಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಅಚ್ಚಾಗದ ಫಲಿತಾಂಶವನ್ನು ಜನ ಧೈರ್ಯವಾಗಿ ಹೇಳಲಿ ಎಂದು ಈ ಕಟ್ಟುಪಾಡು. ಕೊಲರಾಡೊ ಬೆಟ್ಟದ ಹೆಸರು ಹೊತ್ತ ಕೀಸ್ಟೋನ್ ಸಂಕಿರಣಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಗೋಷ್ಠಿ, ಮಧ್ಯಾಹ್ನ ಹಿಮದ ಮೇಲೆ ಜಾರುವುದಕ್ಕೆ ಬಿಡುವು. ಸೋಮಾರಿತನ ಎನ್ನಬೇಡಿ. ವೇದಿಕೆಯ ಮೇಲೆ ಒಪ್ಪಿಕೊಳ್ಳದ ತಪ್ಪನ್ನು ಚಹಾ ಕುಡಿಯುತ್ತಾ ಒಪ್ಪಿಕೊಳ್ಳುವವರನ್ನು ನಾನು ಕಂಡಿದ್ದೇನೆ.

ಒಂದು ಸಮ್ಮೇಳನದಲ್ಲಿ ತೂಗುಹಾಕಲೆಂದು ನನ್ನ ಸಂಶೋಧನೆಯನ್ನು ಬರೆದ ಮೊದಲ ಪೋಸ್ಟರನ್ನು ಪ್ಲಾಸ್ಟಿಕ್ ಪೈಪಿನೊಳಗೆ ಸುರುಳಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿದ್ದೆ. ಮೆಟ್ಟಿಲ ಪಕ್ಕದ ಮೂಲೆ ಸಿಕ್ಕಿತು. ಎರಡು ಗಂಟೆ ಯಾರೂ ಬರಲಿಲ್ಲ. ಕೊನೆಗೆ ಒಬ್ಬ ಹಿರಿಯರು ನಿಂತು ಪೂರ್ತಿ ಓದಿ, ‘ಏನೂ ಬೆರೆಸದೆ ಬರಿಯ ದ್ರಾವಣ ಚುಚ್ಚಿದ ಇಲಿಗಳು ಎಲ್ಲಿ?’ ಎಂದರು. ಇರಲಿಲ್ಲ. ನಾನು ಟಿ ಕೋಶದ ಪ್ರತಿಕ್ರಿಯೆ ಎಂದು ಹಿಗ್ಗಿದ್ದು ಸೂಜಿಯ ಗಾಯಕ್ಕೆ ಎದ್ದ ಊತವೂ ಆಗಿರಬಹುದಿತ್ತು. ಒಂದೂವರೆ ವರ್ಷದ ಕೆಲಸ ಮತ್ತೆ ಮಾಡಿದೆ. ಅವರ ಹೆಸರು ಕೇಳುವಷ್ಟು ಬುದ್ಧಿ ನನಗಿರಲಿಲ್ಲ.

ಸಭೆಗಳು ತಪ್ಪನ್ನೂ ಮಾಡುತ್ತವೆ. ಬೇರೆ ಟಿ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ‘ದಮನಕಾರಿ ಟಿ ಕೋಶ’ಗಳಿವೆ ಎಂಬ ವಾದ 1970ರ ದಶಕದಲ್ಲಿ ಎಲ್ಲೆಡೆ ಮೊಳಗಿತು. ಪ್ರಯೋಗಗಳು ಕೈಕೊಟ್ಟಾಗ ಆ ಮಾತೆತ್ತಿದವರನ್ನು ನೋಡಿ ನಗುವಂತಾಯಿತು. ಶಿಮೊನ್ ಸಕಾಗುಚಿ ಮಾತ್ರ ಬಿಡಲಿಲ್ಲ. 1995ರಲ್ಲಿ ಅಂಥ ಕೋಶಗಳ ಗುರುತನ್ನು ಖಚಿತವಾಗಿ ತೋರಿಸಿದರು. ಈ ಕೋಶಗಳಿಗೆ ಈಗ ‘ನಿಯಂತ್ರಕ’ ಎಂಬ ಹೊಸ ಹೆಸರು. ಹಳೆಯ ಹೆಸರಿಗೆ ಅಷ್ಟು ಅವಮಾನ ಅಂಟಿತ್ತು. 2025ರ ನೊಬೆಲ್ ಅವರಿಗೂ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೂ ಬಂತು. ರಾಮ್ಸ್‌ಡೆಲ್ ಆ ದಿನ ಬೆಟ್ಟದಲ್ಲಿ ಚಾರಣದಲ್ಲಿದ್ದು, ಫೋನಿನ ಸಂಪರ್ಕಕ್ಕೇ ಸಿಗಲಿಲ್ಲ.

ಹೊರಗೆ ಮಂಡಕ್ಕಿ, ಮಿರ್ಚಿ ಬಂದಿರುವ ವಾಸನೆ ವೇದಿಕೆಯವರೆಗೂ ಬರುತ್ತಿದೆ. ಅದಕ್ಕೆ ಮೊದಲು ಹದಿನೈದು ನಿಮಿಷ ಪ್ರಶ್ನೆಗಳು. ಮುಂದಿನ ಸಾಲಿನ ಹಿರಿಯರು ದಯವಿಟ್ಟು ಕಾಯಬೇಕು. ಮೈಕನ್ನು ಕೊನೆಯ ಬೆಂಚಿಗೆ ಕೊಡಿ. ಅಲ್ಲಿ ಕಿಟಕಿಯ ಪಕ್ಕದ ಹುಡುಗಿ, ನಾನು ಸಬ್ಬಕ್ಕಿಯ ಮಾತೆತ್ತಿದಾಗಿನಿಂದ ಕೈ ಎತ್ತುತ್ತಾ ಇಳಿಸುತ್ತಾ ಇದ್ದಾಳೆ. ಹೇಳಮ್ಮ.